ಬೊಜ್ಜು, ಇನ್ಸುಲಿನ್ ಪ್ರತಿರೋಧ ಮತ್ತು ಬರಗಾಲದ ಸೀಮೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪ್ರದೇಶದ ಆಹಾರೇತಿಹಾಸದ ಒಂದು ಸಮಸ್ಯೆ

೧

ರಾಜ್ಯಗಳ ಏಳುಬೀಳುಗಳಿಗೆ ಇತಿಹಾಸವಿರುವಂತೆ ರೋಗಗಳಿಗೂ ಇತಿಹಾಸವುಂಟು. ಪ್ಲೇಗು, ಸಿಡುಬು, ವಾಂತಿಭೇದಿಗಳ ವಿಷಯದಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯರು. ಅವು ಬಂದ ವರ್ಷ, ತಗ್ಗಿದ ವರ್ಷ, ಕೊಂಡೊಯ್ದ ಜೀವಗಳ ಲೆಕ್ಕ ಸರಕಾರಿ ಕಾಗದಪತ್ರಗಳಲ್ಲಿ ದೊರೆಯುತ್ತವೆ. ಆದರೆ ಸದ್ದಿಲ್ಲದೆ ಬಂದು, ಹತ್ತಾರು ವರ್ಷ ದೇಹದಲ್ಲಿ ನೆಲಸಿ, ಕೊನೆಗೆ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಕೆಡಿಸುವ ರೋಗಗಳ ಇತಿಹಾಸ ಅಷ್ಟು ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ. ಮಧುಮೇಹವು ಅಂಥದೊಂದು ರೋಗ. ಅದರ ಬಹುಪಾಲು ಪ್ರಕರಣಗಳ ಹಿಂದೆ ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧಗಳೆಂಬ ಎರಡು ಸ್ಥಿತಿಗಳಿವೆಯೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ.

ಮಧುಮೇಹ ಸಿರಿವಂತರ ರೋಗ, ಬೊಜ್ಜು ಸಿರಿತನದ ಗುರುತು ಎಂಬುದು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆ. ಹೀಗಿರುವಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಅರೆಮಲೆನಾಡಿನ ಅಂಚಿನಿಂದ ಬಯಲುಸೀಮೆಯವರೆಗೆ ಹಬ್ಬಿದ, ಬರಗಾಲಗಳನ್ನು ಕಂಡುಂಡ, ದುಡಿಮೆಗೆ ಹೆಸರಾದ ಒಂದು ಪ್ರದೇಶದಲ್ಲಿ ಈ ರೋಗ ಹೇಗೆ ಮನೆಮಾತಾಯಿತು? ಹೊಲದಲ್ಲಿ ದುಡಿದ, ನೋಟಕ್ಕೆ ತೆಳ್ಳಗಿರುವ ರೈತನಿಗೂ 'ಸಕ್ಕರಿ ಬ್ಯಾನಿ' ಬರುವುದೇತಕ್ಕೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ. ನಾವು ವೈದ್ಯರಲ್ಲ, ಇತಿಹಾಸದ ವಿದ್ಯಾರ್ಥಿಗಳು. ಆದುದರಿಂದ ವೈದ್ಯಶಾಸ್ತ್ರದ ನಿರ್ಣಯಗಳನ್ನು ಆ ಶಾಸ್ತ್ರಜ್ಞರು ಪ್ರಕಟಿಸಿರುವಂತೆಯೇ ಸ್ವೀಕರಿಸಿ, ಅವು ನಮ್ಮ ಸೀಮೆಯ ಇತಿಹಾಸದೊಡನೆ ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನಷ್ಟೇ ವಿಚಾರಿಸುತ್ತೇವೆ.

೨

ಬೊಜ್ಜಿಗೂ ಮಧುಮೇಹಕ್ಕೂ ಇರುವ ನಂಟನ್ನು ಗುರುತಿಸಿದವರಲ್ಲಿ ನಮ್ಮ ಪ್ರಾಚೀನ ವೈದ್ಯರು ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ. ಚರಕಸಂಹಿತೆಯು ಪ್ರಮೇಹಕ್ಕೆ ಕಾರಣಗಳನ್ನು ಎಣಿಸುವಾಗ ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳು ಮೊದಲಾದವನ್ನು ಹೇಳುತ್ತದೆ. ಅದೇ ಗ್ರಂಥವು ಅತಿಸ್ಥೂಲನನ್ನೂ ಅತಿಕೃಶನನ್ನೂ ನಿಂದಿತ ದೇಹಗಳ ಪಟ್ಟಿಗೆ ಸೇರಿಸಿ, ಇಬ್ಬರಲ್ಲಿ ಸ್ಥೂಲನ ಚಿಕಿತ್ಸೆಯೇ ಹೆಚ್ಚು ಕಷ್ಟವೆಂದು ತೀರ್ಮಾನಿಸುತ್ತದೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಪ್ರಮೇಹಗಳು ಎರಡು ಬಗೆ: ತಂದೆತಾಯಿಗಳ ಬೀಜದೋಷದಿಂದ ಬರುವ ಸಹಜ, ಅಪಥ್ಯದಿಂದ ಬರುವ ಇನ್ನೊಂದು. ಮೊದಲನೆಯದರಿಂದ ಪೀಡಿತನಾದವನು ಕೃಶ, ಕಡಿಮೆ ಉಣ್ಣುವವನು, ಬಾಯಾರಿಕೆಯವನು. ಎರಡನೆಯವನು ಪ್ರಾಯಶಃ ಸ್ಥೂಲ, ಬಹಳ ಉಣ್ಣುವವನು, ಹಾಸಿಗೆ ಆಸನಗಳನ್ನು ಬಿಟ್ಟೇಳದವನು. ಚಿಕಿತ್ಸೆಯೂ ಅಷ್ಟೇ ಕುತೂಹಲಕರ. ಬಡವನು ಕೆರ, ಕೊಡೆಗಳಿಲ್ಲದೆ, ಒಂದು ಊರಲ್ಲಿ ಒಂದೇ ರಾತ್ರಿ ತಂಗುತ್ತ, ಭಿಕ್ಷೆಯುಂಡು ನೂರು ಯೋಜನ ನಡೆಯಬೇಕು; ಧನಿಕನು ಶ್ಯಾಮಾಕ, ನೀವಾರಗಳಂಥ ಧಾನ್ಯಗಳನ್ನುಂಡು ಜಿಂಕೆಗಳೊಡನೆ ವಾಸಿಸಬೇಕು; ಉಳಿದವರು ನೆಲ ಉಳಬೇಕು ಅಥವಾ ಬಾವಿ ತೋಡಬೇಕು.

ಈ ವಾಕ್ಯಗಳನ್ನು ಹಿಡಿದು ಸುಶ್ರುತನಿಗೆ ಇನ್ಸುಲಿನ್ ತಿಳಿದಿತ್ತೆಂದು ಹೇಳಹೊರಡುವುದು ಇತಿಹಾಸಕ್ಕೆ ಬಗೆಯುವ ಅಪಚಾರ. ಸಹಜ, ಅಪಥ್ಯನಿಮಿತ್ತಗಳನ್ನು ಇಂದಿನ ಒಂದನೆಯ ಮತ್ತು ಎರಡನೆಯ ಬಗೆಯ ಮಧುಮೇಹಗಳೊಡನೆ ಸಮೀಕರಿಸುವುದೂ ಅವಸರದ ಕೆಲಸ. ಆದರೆ ಒಂದು ಸಂಗತಿ ಮಾತ್ರ ನಿಶ್ಚಿತ. ಒಂದೇ ಹೆಸರಿನ ರೋಗ ಕೃಶನಿಗೂ ಸ್ಥೂಲನಿಗೂ ಬರುತ್ತದೆ, ಎರಡರ ಚಿಕಿತ್ಸೆ ಒಂದೇ ಅಲ್ಲ ಎಂಬ ವಿವೇಕ ಈ ನೆಲದ ವೈದ್ಯ ಪರಂಪರೆಯಲ್ಲಿತ್ತು. ಉಳುವುದು, ಬಾವಿ ತೋಡುವುದು ಚಿಕಿತ್ಸೆಯಾಗಿದ್ದರೆ, ದಿನವೂ ಉಳುತ್ತಿದ್ದವನು ರೋಗದಿಂದ ದೂರವಿರುವನೆಂಬ ಭಾವನೆಯೂ ಅದರ ಹಿಂದೆ ಅಡಗಿದೆ. ಈ ಪರಂಪರೆ ಕನ್ನಡಕ್ಕೆ ಹೊರತಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು ವೈದ್ಯವಿದ್ಯೆಯನ್ನು ಕನ್ನಡ ಓದುಗರ ಬಳಿಗೆ ತಂದ ಹಳೆಯ ಕೃತಿಗಳಲ್ಲಿ ಒಂದು. ನಮ್ಮ ಪ್ರದೇಶವು ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲವೂ ಅದೇ ಎಂಬುದನ್ನು ನೆನೆಯಬಹುದು.

೩

ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಈ ವಿಷಯ ಬೆಳೆದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. ೧೭೭೬ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ರೋಗಿಯ ಮೂತ್ರದ ಸಿಹಿಗೆ ಸಕ್ಕರೆಯೇ ಕಾರಣವೆಂದು ತೋರಿಸಿದನು. ೧೮೭೦–೭೧ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಆಹಾರ ಅಭಾವವಾದಾಗ, ಅಪೊಲಿನೇರ್ ಬುಶಾರ್ಡಾ ಎಂಬ ವೈದ್ಯನು ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದುದನ್ನು ಗಮನಿಸಿದನು. ೧೮೮೦ರಲ್ಲಿ ಲಾನ್ಸೆರೊ ಎಂಬುವನು ಕೃಶರ ಮಧುಮೇಹ, ಸ್ಥೂಲರ ಮಧುಮೇಹ ಎಂದು ಎರಡು ಬಗೆಗಳನ್ನು ಬೇರ್ಪಡಿಸಿದನು. ೧೮೮೯ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದಿತು. ೧೯೨೧ರಲ್ಲಿ ಟೊರಾಂಟೋದಲ್ಲಿ ಬಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ ಸಾರವನ್ನು ಪಡೆದರು. ೧೯೨೨ರ ಜನವರಿಯಲ್ಲಿ ಅದನ್ನು ಮೊದಲು ಒಬ್ಬ ಬಾಲಕನಿಗೆ ಚುಚ್ಚಲಾಯಿತು.

ಇನ್ಸುಲಿನ್ ಇಲ್ಲದಿರುವುದೇ ಮಧುಮೇಹ ಎಂದು ಅಲ್ಲಿಗೆ ನಂಬಿಕೆ ಬಲಿಯಿತು. ಅದನ್ನು ಅಲುಗಿಸಿದವನು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್. ಅವನು ೧೯೩೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೋಗಿಗಳಿಗೆ ಸಕ್ಕರೆಯನ್ನೂ ಇನ್ಸುಲಿನ್ನನ್ನೂ ಒಟ್ಟಿಗೆ ಕೊಟ್ಟು ನೋಡಿದನು. ಕೆಲವರಲ್ಲಿ ರಕ್ತದ ಸಕ್ಕರೆ ಏರಲಿಲ್ಲ. ಇನ್ನು ಕೆಲವರಲ್ಲಿ ಇನ್ಸುಲಿನ್ ಕೊಟ್ಟರೂ ಏರಿತು. ಎರಡನೆಯ ಗುಂಪಿನವರ ದೇಹ ಇನ್ಸುಲಿನ್ನಿನ ಮಾತನ್ನು ಕೇಳುತ್ತಿರಲಿಲ್ಲ. ಅವರಲ್ಲಿ ವಯಸ್ಸಾದವರು, ಸ್ಥೂಲಕಾಯರು ಹೆಚ್ಚಾಗಿದ್ದರು. ೧೯೬೦ರಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ರಕ್ತದ ಇನ್ಸುಲಿನ್ನನ್ನು ನೇರವಾಗಿ ಅಳೆಯುವ ವಿಧಾನವನ್ನು ವಿವರಿಸಿದಾಗ ಈ ಊಹೆಗೆ ಬಲ ಬಂದಿತು. ನಡುವಯಸ್ಸಿನಲ್ಲಿ ರೋಗಕ್ಕೆ ಬಿದ್ದ ಅನೇಕರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರಲಿಲ್ಲ, ಹೆಚ್ಚೇ ಇತ್ತು. ಈ ವಿಧಾನಕ್ಕಾಗಿ ಯಾಲೋ ೧೯೭೭ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಈ ಮಧ್ಯೆ ೧೯೪೭ರಲ್ಲಿ ಫ್ರಾನ್ಸಿನ ಝಾನ್ ವಾಗ್ ಎಂಬ ವೈದ್ಯರು ಬೊಜ್ಜಿನ ಪ್ರಮಾಣಕ್ಕಿಂತ ಅದು ಸೇರುವ ಸ್ಥಳ ಮುಖ್ಯವೆಂದೂ, ದೇಹದ ಮೇಲ್ಭಾಗದಲ್ಲಿ ಸೇರುವ ಬೊಜ್ಜು ಹೆಚ್ಚು ಅಪಾಯಕರವೆಂದೂ ತೋರಿಸಿದ್ದರು. ೧೯೮೮ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಅವರು ಇನ್ಸುಲಿನ್ ಪ್ರತಿರೋಧ, ರಕ್ತದೊತ್ತಡ, ರಕ್ತದ ಕೊಬ್ಬಿನ ದೋಷ ಇವೆಲ್ಲವೂ ಒಂದೇ ಗೊಂಚಲಿನವೆಂದು ಪ್ರತಿಪಾದಿಸಿದರು.

೪

ಇನ್ಸುಲಿನ್ ಪ್ರತಿರೋಧವೆಂದರೇನೆಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಉಚಿತ. ಉಂಡ ಅನ್ನ ರೊಟ್ಟಿಗಳು ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಅದು ಮಾಂಸಖಂಡಗಳೊಳಗೆ ಹೋಗುವಂತೆ, ಯಕೃತ್ತು ತಾನೂ ಗ್ಲೂಕೋಸನ್ನು ಹೊರಸೂಸದಂತೆ, ಕೊಬ್ಬಿನ ಕಣಗಳು ತಮ್ಮ ಕೊಬ್ಬನ್ನು ಹಿಡಿದಿಟ್ಟುಕೊಳ್ಳುವಂತೆ ಆಜ್ಞೆ ಮಾಡುವುದು ಇನ್ಸುಲಿನ್. ಅಗತ್ಯಕ್ಕಿಂತ ಹೆಚ್ಚಿನ ಆಹಾರ ಚರ್ಮದಡಿಯ ಕೊಬ್ಬಾಗಿ ಶೇಖರವಾಗುವುದು ಸಹಜ ವ್ಯವಸ್ಥೆಯೇ. ಅದು ಮನೆಯ ಹಗೇವಿನಂತೆ. ಹಗೇವು ತುಂಬಿದ ಮೇಲೆ ಕಾಳು ಹೇಗೆ ಪಡಸಾಲೆಗೂ ಅಡಿಗೆಮನೆಗೂ ಹರಡುವುದೋ ಹಾಗೆಯೇ ಚರ್ಮದಡಿ ಜಾಗ ಸಾಲದಾದಾಗ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಮಾಂಸಖಂಡಗಳಲ್ಲಿ ಸೇರುತ್ತದೆ. ಸಲ್ಲದ ಸ್ಥಳದಲ್ಲಿ ಸೇರಿದ ಈ ಕೊಬ್ಬಿನ ಅಂಶಗಳು ಇನ್ಸುಲಿನ್ನಿನ ಆಜ್ಞೆ ಕಣದೊಳಗೆ ಮುಟ್ಟದಂತೆ ಅಡ್ಡಿಪಡಿಸುತ್ತವೆ. ಊದಿದ ಕೊಬ್ಬಿನ ಕಣಗಳು ಹೊರಸೂಸುವ ಉರಿಯೂತಕಾರಿ ದ್ರವ್ಯಗಳೂ ಇದಕ್ಕೆ ಸಹಾಯಕವಾಗುತ್ತವೆಂದು ೧೯೯೩ರಿಂದೀಚಿನ ಸಂಶೋಧನೆಗಳು ತಿಳಿಸಿವೆ.

ಆಜ್ಞೆ ನಡೆಯದಾದಾಗ ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಒದಗಿಸಿ ಹಲವು ವರ್ಷ ಸಕ್ಕರೆಯನ್ನು ಹದದಲ್ಲಿಡುತ್ತದೆ. ಆಗ ರೋಗಿಗೆ ಯಾವ ಬಾಧೆಯೂ ತೋರದು. ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪವಾಗುವುದು ಕೆಲವರಲ್ಲಿ ಕಾಣುವ ಹೊರಗುರುತು. ಬಿಸಿಲಿನಲ್ಲಿ ತಿರುಗುವವರು ಅದನ್ನು ಬಿಸಿಲಿನ ಕಪ್ಪೆಂದು ಭಾವಿಸಿ ಸುಮ್ಮನಾಗುವುದು ಸುಲಭ. ಗ್ರಂಥಿಯ ಶಕ್ತಿ ಕುಂದಿದ ದಿನ ಸಕ್ಕರೆ ಏರಿ ಮಧುಮೇಹ ಪ್ರಕಟವಾಗುತ್ತದೆ. ಬೊಜ್ಜು ಪ್ರತಿರೋಧವನ್ನು ಹುಟ್ಟಿಸುತ್ತದೆ. ಪ್ರತಿರೋಧದ ಜತೆಗೆ ಗ್ರಂಥಿಯ ಸೋಲು ಕೂಡಿದಾಗ ರೋಗ. ಆದಕಾರಣವೇ ಬೊಜ್ಜಿರುವವರೆಲ್ಲರೂ ಮಧುಮೇಹಿಗಳಲ್ಲ, ಮಧುಮೇಹಿಗಳೆಲ್ಲರೂ ದಪ್ಪನೆಯವರಲ್ಲ.

೫

ನಮ್ಮ ಪ್ರಶ್ನೆಯ ಗಂಟು ಇರುವುದು ಈ ಕೊನೆಯ ಮಾತಿನಲ್ಲಿಯೇ. ೧೯೯೧ರಲ್ಲಿ ಮೆಕೀಗ್, ಶಾ ಮತ್ತು ಮಾರ್ಮಟ್ ಅವರು ಲಂಡನ್ನಿನಲ್ಲಿ ನೆಲಸಿದ ದಕ್ಷಿಣ ಏಷ್ಯದ ಜನರನ್ನು ಅಲ್ಲಿಯ ಯುರೋಪಿಯನ್ನರೊಡನೆ ಹೋಲಿಸಿ, ನಮ್ಮವರಲ್ಲಿ ಸೊಂಟದ ಸುತ್ತಿನ ಬೊಜ್ಜೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚೆಂದು ತೋರಿಸಿದರು. ೨೦೦೪ರಲ್ಲಿ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮ ದೇಹಗಳನ್ನೇ ನಿದರ್ಶನವಾಗಿಟ್ಟರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ೨೨.೩, ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡಾ ೯.೧, ಯಾಜ್ಞಿಕರಲ್ಲಿ ಶೇಕಡಾ ೨೧.೨. ತಕ್ಕಡಿಗೆ ಸಮನಾದ ಇಬ್ಬರು ಒಳಗೆ ಸಮನಾಗಿರಲಿಲ್ಲ. ಒಬ್ಬನ ತೂಕದಲ್ಲಿ ಮೇದಸ್ಸಿನ ಪಾಲು ಕಡಿಮೆ, ಇನ್ನೊಬ್ಬನದರಲ್ಲಿ ಅದು ಎರಡು ಪಟ್ಟಿಗೂ ಹೆಚ್ಚು.

ಈ ವ್ಯತ್ಯಾಸ ಎಂದು ಮೊದಲಾಗುತ್ತದೆ? ಪುಣೆಯ ಬಳಿಯ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳೊಡನೆ ಹೋಲಿಸಿ ೨೦೦೩ರಲ್ಲಿ ಪ್ರಕಟಿಸಿದ ವರದಿಯು ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿಯ ಶಿಶುವಿನ ಸರಾಸರಿ ತೂಕ ೩.೫ ಕಿಲೋಗ್ರಾಂ, ಇಲ್ಲಿಯದು ೨.೭. ಇಲ್ಲಿಯ ಶಿಶುವಿನಲ್ಲಿ ಮಾಂಸ, ಒಳಾಂಗಗಳು ಬಹಳ ಕುಗ್ಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಗ್ಗಿರಲಿಲ್ಲ. ತೆಳ್ಳಗಿದ್ದೂ ಕೊಬ್ಬುಳ್ಳ ದೇಹ ತೊಟ್ಟಿಲಿನಲ್ಲಿಯೇ ಕಾಣಿಸಿತು.

ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಮಹತ್ತ್ವದ ಸಾಕ್ಷ್ಯ ಮೈಸೂರಿನದು. ಅಲ್ಲಿಯ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಬರೆದ ದಾದಿಯರಿಗೆ ಅದೊಂದು ದಿನಚರಿಯ ಕೆಲಸ. ಅರವತ್ತು ವರ್ಷಗಳ ಮೇಲೆ ಆ ಪುಸ್ತಕಗಳೇ ಸಂಶೋಧನೆಯ ಗಣಿಯಾದವು. ಆ ಶಿಶುಗಳಲ್ಲಿ ಊರಲ್ಲೇ ಉಳಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಲಾಯಿತು. ೫೦೬ ಮಂದಿಯ ಪರೀಕ್ಷೆಯನ್ನಾಧರಿಸಿ ಕೆರೋಲಿನ್ ಫಾಲ್ ಮತ್ತು ಸಂಗಡಿಗರು ೧೯೯೮ರಲ್ಲಿ ಪ್ರಕಟಿಸಿದ ಲೇಖನದ ಫಲಿತಾಂಶ ಅನಿರೀಕ್ಷಿತವಾಗಿತ್ತು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದಿಂದ ಹುಟ್ಟಿದವರಿಗೆ ಮಧುಮೇಹ ಹೆಚ್ಚೆಂದು ಕಂಡಿತ್ತು. ಮೈಸೂರಿನಲ್ಲಿಯಾದರೋ ಹುಟ್ಟುವಾಗ ಕುಳ್ಳಗೆ, ಉದ್ದಕ್ಕೆ ಮೀರಿದ ತೂಕದಿಂದ ಇದ್ದವರಿಗೆ, ಭಾರವಾದ ತಾಯಂದಿರ ಮಕ್ಕಳಿಗೆ ಹೆಚ್ಚು. ತಾಯಿಯ ರಕ್ತದ ಸಕ್ಕರೆಯೇ ಕಾರಣವಿರಬಹುದೆಂಬ ಸಂಶಯದಿಂದ ೧೯೯೭–೯೮ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇಕಡಾ ೬.೨ ಮಂದಿಯಲ್ಲಿ ಗರ್ಭಕಾಲದ ಮಧುಮೇಹ ಕಂಡುಬಂದಿತು. ಅವರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬೂ ರಕ್ತದ ಇನ್ಸುಲಿನ್ನೂ ಹೆಚ್ಚಾಗಿದ್ದವು. ಹೀಗೆ ರೋಗವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬೀಜದ ಮೂಲಕವಷ್ಟೇ ಅಲ್ಲ, ಗರ್ಭದ ಮೂಲಕವೂ ಹರಿಯುತ್ತದೆಂಬುದು ವಿದಿತವಾಯಿತು.

೬

ಈಗ ನಮ್ಮ ಸೀಮೆಗೆ ಬರೋಣ. ಹಾವೇರಿ ಜಿಲ್ಲೆ ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿತು. ೧೯೫೬ರ ಏಕೀಕರಣದವರೆಗೆ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಕೆರೆಗಳೂ ಭತ್ತದ ಗದ್ದೆಗಳೂ. ಪೂರ್ವಕ್ಕೆ ರಾಣೆಬೆನ್ನೂರಿನ ಕಡೆ ಜೋಳ, ಹತ್ತಿಗಳ ಎರೆಹೊಲಗಳು. ನಡುವೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಕೂಡಿಸಿ ಬೆಳೆಯುವ ಪದ್ಧತಿ. ನವಣೆ, ಸಾವಿಗಳು ಈ ಭಾಗದ ಹಳೆಯ ಧಾನ್ಯಗಳು. ಸುಶ್ರುತನು ಧನಿಕ ರೋಗಿಗೆ ಹೇಳಿದ ಶ್ಯಾಮಾಕದ ಬಳಗಕ್ಕೆ ಸೇರಿದ ಈ ಕಿರುಧಾನ್ಯಗಳು ಇಲ್ಲಿ ಬಡವರ ದಿನದೂಟವಾಗಿದ್ದವು. ಅನ್ನವು ಹಬ್ಬದ ಊಟ, ದೇವರ ನೈವೇದ್ಯ, ಬೀಗರ ಸತ್ಕಾರ. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಎಂಬ ಗಾದೆಯಲ್ಲಿ ಸೀಮೆಯ ಅಭಿಮಾನವೆಷ್ಟೋ ಅನ್ನ ಸಿಗದವನ ಸಮಾಧಾನವೂ ಅಷ್ಟೇ ಇದೆ. ಇದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಆರು ತಿಂಗಳ ಸೆರೆಯ ಬಳಿಕ ರಾಗಿಯನ್ನು ಗೆಲ್ಲಿಸಿದರು. ಆ ಕಾವ್ಯ ಕುಲದ ಮೇಲುಕೀಳನ್ನು ಕುರಿತದ್ದೇ ಹೊರತು ಪಥ್ಯವನ್ನು ಕುರಿತದ್ದಲ್ಲ; ಆದರೂ ಧಾನ್ಯಗಳಿಗೆ ಅಂತಸ್ತಿನ ಶ್ರೇಣಿಯಿದ್ದಿತೆಂಬುದಕ್ಕೆ ಅದು ಗಟ್ಟಿಯಾದ ಸಾಕ್ಷಿ.

ಈ ಊಟವಾದರೂ ನಿತ್ಯ ಸಿಕ್ಕುತ್ತಿತ್ತೆಂದಲ್ಲ. ೧೭೯೧–೯೨ರ ಡೋಗಿ ಬರ ದಕ್ಷಿಣ ಮರಾಠಾ ಸೀಮೆಯನ್ನು ನುಂಗಿತು. ೧೮೭೬–೭೮ರ ಮಹಾಕ್ಷಾಮದಲ್ಲಿ ಮಳೆ ಕೈಕೊಟ್ಟು ಧಾರವಾಡ ಜಿಲ್ಲೆ ತತ್ತರಿಸಿತು. ೧೮೮೧ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ ೧೮೭೨ರದಕ್ಕಿಂತ ಇಳಿದಿತ್ತು. ಆ ಕ್ಷಾಮದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ ವಾದಿಸಿದನು. ಅದು ಜೀವ ಹಿಡಿಯಲು ಸಾಲದೆಂದು ಮದರಾಸಿನ ಆರೋಗ್ಯ ಆಯುಕ್ತ ಕಾರ್ನಿಶ್ ಪ್ರತಿವಾದಿಸಿದನು. ಇಷ್ಟೆಲ್ಲದರ ನಡುವೆ ೧೮೬೧–೬೫ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ, ಉಣ್ಣುವ ಬೆಳೆಯ ನೆಲದಲ್ಲಿ ಮಾರುವ ಬೆಳೆ ಬೇರೂರಿತ್ತು ಎಂಬುದನ್ನು ಮರೆಯಲಾಗದು. ಸ್ವಾತಂತ್ರ್ಯಾನಂತರವೂ ೧೯೭೨–೭೩ರ ಬರ ಹಿರಿಯರ ನೆನಪಿನಲ್ಲಿ ಉಳಿದಿದೆ.

ಇನ್ನು ದುಡಿಮೆ. ರಂಟೆ, ಕುಂಟೆ, ಕೂರಿಗೆಗಳ ಹಿಂದೆ ಗಂಡಸು ದಿನಕ್ಕೆ ಹರದಾರಿಗಟ್ಟಲೆ ನಡೆಯುತ್ತಿದ್ದನು. ಹೆಂಗಸು ಕೋಳಿ ಕೂಗುವ ಹೊತ್ತಿಗೆ ಬೀಸುಕಲ್ಲಿನ ಮುಂದೆ ಕುಳಿತು, ಒನಕೆ ಹಿಡಿದು, ನೀರು ಹೊತ್ತು, ಬಳಿಕ ಹೊಲದ ಕಳೆಗೆ ಹೋಗುತ್ತಿದ್ದಳು. ಇಂದು ಬೀಸುವ ಹಾಡುಗಳು ಜಾನಪದ ಸಂಗ್ರಹಗಳಲ್ಲಿವೆ, ಬೀಸುಕಲ್ಲು ಹಿತ್ತಿಲಲ್ಲಿದೆ. ಹಿಟ್ಟಿನ ಗಿರಣಿ, ನಲ್ಲಿಯ ನೀರು, ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳು ಸೊಂಟದ ನೋವನ್ನು ಕಡಿಮೆ ಮಾಡಿದವು. ಇದನ್ನು ಹಳಿಯುವುದು ಅನ್ಯಾಯ. ಬೀಸುವವಳ ಬೆನ್ನನ್ನು ಕಾಣದವನೇ ಬೀಸುಕಲ್ಲಿನ ಕಾಲವನ್ನು ಹಾಡಿಹೊಗಳಬಲ್ಲನು. ಆದರೆ ದೇಹದ ಲೆಕ್ಕದಲ್ಲಿ ಖರ್ಚು ಕುಸಿಯಿತೆಂಬುದು ಸತ್ಯ.

ಜಮೆಯ ಕಡೆಯೂ ಬದಲಾವಣೆಗಳಾದವು. ೧೯೬೪ರಲ್ಲಿ ಸಂಕರ ಜೋಳ ಬಂದಿತು. ೧೯೭೨ರಲ್ಲಿ ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಹತ್ತಿ ಬಂದಿತು. ಮುಂದೆ ಗೋವಿನಜೋಳ ಹಬ್ಬಿ ಜೋಳದ ನೆಲವನ್ನು ಆಕ್ರಮಿಸಿತು. ಇದು ಮುಖ್ಯವಾಗಿ ಕೋಳಿಯ ಆಹಾರಕ್ಕೂ ಕಾರಖಾನೆಗೂ ಹೋಗುವ ಬೆಳೆ, ಬೆಳೆದವನ ತಟ್ಟೆಗೆ ಬರುವುದು ಅಲ್ಪ. ರಾಣೆಬೆನ್ನೂರು ಬೀಜೋತ್ಪಾದನೆಗೆ, ಬ್ಯಾಡಗಿ ಮೆಣಸಿನಕಾಯಿಯ ಪೇಟೆಗೆ ಹೆಸರಾದವು. ಕಡುಗೆಂಪು ಬಣ್ಣದ, ಖಾರ ಕಡಿಮೆಯಾದ ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಹೀಗೆ ರೈತನು ಮಾರಿ ಕೊಳ್ಳುವವನಾದನು. ಕೊಳ್ಳುವ ಆಹಾರದಲ್ಲಿ ಅಗ್ಗವಾದದ್ದು ಪಾಲಿಶ್ ಮಾಡಿದ ಅಕ್ಕಿ, ಸಕ್ಕರೆ, ಮೈದಾ, ಎಣ್ಣೆ. ೨೦೧೩ರಲ್ಲಿ ಅನ್ನಭಾಗ್ಯ ಯೋಜನೆ ಬಂದು ಬಡವರ ಮನೆಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಮುಟ್ಟಿತು. ಹಸಿವಿನ ಇತಿಹಾಸವನ್ನು ಓದಿದ ನಾವು ಇದನ್ನು ಸಣ್ಣ ಸಾಧನೆಯೆಂದು ಎಣಿಸಲಾರೆವು. ಶತಮಾನಗಳ ಕಾಲ ಹಬ್ಬದ ಊಟವಾಗಿದ್ದುದು ದಿನದ ಊಟವಾಯಿತು. ದುಡಿಮೆ ಕಡಿಮೆಯಾದ ಕಾಲದಲ್ಲಿಯೇ ಆಯಿತು ಎಂಬುದಷ್ಟೇ ಇಲ್ಲಿಯ ಗಮನಾರ್ಹ ಅಂಶ.

೭

ಬರಗಾಲದ ಇತಿಹಾಸಕ್ಕೂ ಇಂದಿನ ರೋಗಕ್ಕೂ ನೇರವಾದ ಕೊಂಡಿಯುಂಟೆ? ಅಮೆರಿಕದ ಜೇಮ್ಸ್ ನೀಲ್ ೧೯೬೨ರಲ್ಲಿ ಒಂದು ಊಹೆಯನ್ನು ಮಂಡಿಸಿದರು. ಕ್ಷಾಮಗಳಲ್ಲಿ ಬದುಕುಳಿದವರು ಆಹಾರವನ್ನು ಮಿತವ್ಯಯದಿಂದ ಕೂಡಿಡಬಲ್ಲ ವಂಶವಾಹಿಗಳನ್ನು ಪಡೆದವರು. ಸುಭಿಕ್ಷದಲ್ಲಿ ಆ ಗುಣವೇ ಅವಗುಣವಾಗುತ್ತದೆ ಎಂಬುದು ಅದರ ಸಾರ. ೧೯೯೨ರಲ್ಲಿ ಹೇಲ್ಸ್ ಮತ್ತು ಬಾರ್ಕರ್ ಇನ್ನೊಂದು ವಾದವನ್ನು ಮುಂದಿಟ್ಟರು. ಮಿತವ್ಯಯ ವಂಶದಲ್ಲಿ ಬಂದದ್ದಲ್ಲ, ಗರ್ಭದಲ್ಲಿ ಕಲಿತದ್ದು. ಹಸಿದ ತಾಯಿಯ ಶಿಶು ಹಸಿವಿನ ಲೋಕಕ್ಕೆ ಸಿದ್ಧವಾಗಿ ಹುಟ್ಟುತ್ತದೆ, ಮುಂದೆ ಹೇರಳವಾಗಿ ಆಹಾರ ಸಿಕ್ಕಾಗ ರೋಗಕ್ಕೆ ತುತ್ತಾಗುತ್ತದೆ. ೧೯೪೪–೪೫ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬಿದ್ದ ಕ್ಷಾಮದಲ್ಲಿ ಗರ್ಭಸ್ಥರಾಗಿದ್ದವರಲ್ಲಿ ಐವತ್ತರ ವಯಸ್ಸಿನ ಹೊತ್ತಿಗೆ ಗ್ಲೂಕೋಸ್ ಸಹನೆ ಕುಂದಿದುದನ್ನು ೧೯೯೮ರ ವರದಿಯೊಂದು ತೋರಿಸಿತು.

ಈ ವಾದಗಳು ನಮ್ಮಂಥ ಕ್ಷಾಮದ ಸೀಮೆಯ ಇತಿಹಾಸಕಾರನಿಗೆ ಆಕರ್ಷಕ. ಆಕರ್ಷಕವಾಗಿರುವುದರಿಂದಲೇ ಎಚ್ಚರ ಅಗತ್ಯ. ೧೮೭೭ರ ಹಸಿವನ್ನು ಇಂದಿನ ರಾಣೆಬೆನ್ನೂರಿನ ರೋಗಿಯ ರಕ್ತಕ್ಕೆ ನೇರವಾಗಿ ಜೋಡಿಸುವುದು ಪ್ರಮಾಣವಿಲ್ಲದ ಹಾರಿಕೆ. ಹಾಲೆಂಡಿನ ಕ್ಷಾಮ ಕೆಲವೇ ತಿಂಗಳದ್ದು, ಅದರ ಹಿಂದೆಯೂ ಮುಂದೆಯೂ ತಕ್ಕಮಟ್ಟಿನ ಊಟವಿತ್ತು. ಇಲ್ಲಿಯದು ದೀರ್ಘವಾದ ಅರೆಹೊಟ್ಟೆಯ ಬಾಳು. ಮೈಸೂರಿನ ಸಾಕ್ಷ್ಯವೇ ಇಂಗ್ಲೆಂಡಿನ ಮಾದರಿಗೆ ಹೊಂದಲಿಲ್ಲವೆಂಬುದನ್ನು ಮೇಲೆ ಕಂಡಿದ್ದೇವೆ. ನಮಗೆ ತೋರುವಂತೆ, ಮಹಾಕ್ಷಾಮಗಳಿಗಿಂತ ಹೆಚ್ಚಾಗಿ ಒಂದೇ ಜೀವಮಾನದಲ್ಲಿ ಆಗಿಹೋದ ತೀವ್ರ ಬದಲಾವಣೆಯನ್ನು ನಾವು ಲೆಕ್ಕಕ್ಕೆ ಹಿಡಿಯಬೇಕು. ಕಡಿಮೆ ಮಾಂಸಖಂಡದೊಡನೆ ಹುಟ್ಟಿ, ಬಾಲ್ಯದಲ್ಲಿ ಅರೆಹೊಟ್ಟೆ ಉಂಡು, ಯೌವನದಲ್ಲಿ ಎತ್ತಿನೊಡನೆ ದುಡಿದವನು ನಡುವಯಸ್ಸಿನಲ್ಲಿ ಕುಳಿತು ಉಣ್ಣುವ ಸ್ಥಿತಿಗೆ ಬಂದಾಗ, ತುಸುವೇ ಏರಿದ ಹೊಟ್ಟೆಯ ಬೊಜ್ಜು ಅವನ ಪಾಲಿಗೆ ಬಹಳವಾಗುತ್ತದೆ. ಅವನ ಹಗೇವು ಚಿಕ್ಕದು, ಬೇಗ ತುಂಬುತ್ತದೆ.

ಇನ್ನೂ ಒಂದು ಎಚ್ಚರ. ತೆಳ್ಳಗಿನ ಮಧುಮೇಹಿಗಳೆಲ್ಲ ಒಳಗೆ ಬೊಜ್ಜುಳ್ಳವರೆಂದೂ ತಿಳಿಯಬಾರದು. ೨೦೨೨ರಲ್ಲಿ ವೆಲ್ಲೂರಿನ ರೋಗಿಗಳನ್ನು ಕುರಿತು ಪ್ರಕಟವಾದ ಅಧ್ಯಯನವು, ಬಾಲ್ಯದಿಂದ ಅಪೌಷ್ಟಿಕತೆಯಲ್ಲಿ ಬೆಳೆದ ಅತಿಕೃಶರ ಒಂದು ಗುಂಪಿನಲ್ಲಿ ಪ್ರತಿರೋಧವಲ್ಲ, ಇನ್ಸುಲಿನ್ನಿನ ಕೊರತೆಯೇ ಮುಖ್ಯ ದೋಷವೆಂದು ತೋರಿಸಿತು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ೨೦೨೫ರಲ್ಲಿ ಇದನ್ನು ಐದನೆಯ ಬಗೆಯೆಂದು ಗುರುತಿಸಿದೆ. ಇಂಥವನಿಗೆ ಊಟ ಕಡಿಮೆ ಮಾಡೆಂದು ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ. ಕೃಶನಿಗೆ ಅನ್ನಪಾನ, ಸ್ಥೂಲನಿಗೆ ಲಂಘನ ಎಂದು ವಿಂಗಡಿಸಿದ ಸುಶ್ರುತನ ವಿವೇಕ ಇಲ್ಲಿ ನೆನಪಾಗುತ್ತದೆ.

೮

ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ೧೯೭೨–೭೫ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮಧುಮೇಹವು ಪಟ್ಟಣಗಳಲ್ಲಿ ಶೇಕಡಾ ೨.೧, ಹಳ್ಳಿಗಳಲ್ಲಿ ಶೇಕಡಾ ೧.೫ರಷ್ಟಿತ್ತು. ಅದೇ ಮಂಡಳಿಯ ಆಶ್ರಯದ ಸಮೀಕ್ಷೆ ೨೦೨೩ರಲ್ಲಿ ಪ್ರಕಟವಾದಾಗ ದೇಶದ ವಯಸ್ಕರಲ್ಲಿ ಶೇಕಡಾ ೧೧.೪ ಮಂದಿಗೆ ಮಧುಮೇಹ, ಶೇಕಡಾ ೩೯.೫ ಮಂದಿಗೆ ಹೊಟ್ಟೆಯ ಬೊಜ್ಜು ಇತ್ತು. ಎರಡು ಸಮೀಕ್ಷೆಗಳ ಕ್ರಮ ಬೇರೆಯಾದುದರಿಂದ ಅಂಕಿಗೆ ಅಂಕಿ ಹೋಲಿಸಲಾಗದಿದ್ದರೂ ಏರಿಕೆಯ ದಿಕ್ಕಿನಲ್ಲಿ ಸಂದೇಹವಿಲ್ಲ. ಸಿರಿವಂತರ ರೋಗವೆಂಬ ಹಳೆಯ ನಂಬಿಕೆಗೆ ಇನ್ನು ಸ್ಥಾನವಿಲ್ಲ. ಆ ನಂಬಿಕೆ ಉಳಿದಷ್ಟು ಕಾಲ ತೆಳ್ಳಗಿನ ಕೂಲಿಕಾರನು ತನಗೆ ಅದು ಬಾರದೆಂದು ಪರೀಕ್ಷೆಗೆ ಹೋಗನು. ಕಣ್ಣು ಮಂಜಾದ ಮೇಲೆ, ಕಾಲಿನ ಹುಣ್ಣು ಮಾಯದಾದ ಮೇಲೆ ಹೋಗುವನು. ತಕ್ಕಡಿಗಿಂತ ಸೊಂಟಪಟ್ಟಿಯ ಅಳತೆ ಇಲ್ಲಿ ಹೆಚ್ಚು ಹೇಳುತ್ತದೆ. ಭಾರತೀಯರಿಗೆ ಗಂಡಸರಲ್ಲಿ ೯೦, ಹೆಂಗಸರಲ್ಲಿ ೮೦ ಸೆಂಟಿಮೀಟರನ್ನು ಎಚ್ಚರಿಕೆಯ ಗೆರೆಯೆಂದು ತಜ್ಞರು ಒಪ್ಪಿದ್ದಾರೆ.

ಆಶಾದಾಯಕ ಸಂಗತಿಯೂ ಇದೆ. ಚೆನ್ನೈಯಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ರೋಗದ ಹೊಸ್ತಿಲಲ್ಲಿದ್ದ ೫೩೧ ಮಂದಿಯನ್ನು ಕುರಿತು ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡಿಗೆ ಮತ್ತು ಆಹಾರದ ಹದದಿಂದ ರೋಗಕ್ಕೆ ತುತ್ತಾಗುವ ಸಂಭವ ಶೇಕಡಾ ೨೮.೫ರಷ್ಟು ಇಳಿಯಿತು. ಅದೂ ತೂಕದಲ್ಲಿ ಗಣನೀಯ ಇಳಿಕೆಯಾಗದೆಯೇ. ಅಂದರೆ ದುಡಿಯುವ ಮಾಂಸಖಂಡವು ಇನ್ಸುಲಿನ್ನಿನ ಮಾತನ್ನು ಮತ್ತೆ ಕೇಳತೊಡಗುತ್ತದೆ. ಸಾವಿ, ನವಣೆಗಳನ್ನು ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ಸಂಶೋಧನ ಕೇಂದ್ರ ಪೋಷಿಸಿಕೊಂಡು ಬಂದಿರುವುದು ಸಂತೋಷದ ವಿಷಯ. ಆದರೆ ಕಿರುಧಾನ್ಯವನ್ನು ಔಷಧಿಯೆಂದು ಮಾರುವ ಇಂದಿನ ಉತ್ಸಾಹಕ್ಕೆ ಇತಿಹಾಸದ ಬೆಂಬಲವಿಲ್ಲ. ಅಜ್ಜನನ್ನು ಕಾದದ್ದು ಸಾವಿಯ ಅನ್ನವೊಂದೇ ಅಲ್ಲ. ಅದರ ಅಳತೆ, ಅದರ ಹಿಂದಿನ ಕುಂಟೆಯ ನಡಿಗೆ.

ಕೊನೆಯಲ್ಲಿ ನಮ್ಮ ವೃತ್ತಿಗೆ ಸೇರಿದ ಒಂದು ಮಾತು. ಮೈಸೂರಿನ ಆಸ್ಪತ್ರೆಯ ಹೆರಿಗೆ ಪುಸ್ತಕಗಳು ರದ್ದಿಗೆ ಹೋಗಿದ್ದರೆ ಕನ್ನಡನಾಡಿನ ದೇಹೇತಿಹಾಸದ ಮುಖ್ಯ ಅಧ್ಯಾಯವೊಂದು ಹುಟ್ಟುತ್ತಲೇ ಇರಲಿಲ್ಲ. ನಾವು ಶಾಸನಕ್ಕೆ ಅಚ್ಚು ತೆಗೆಯುತ್ತೇವೆ, ಓಲೆಗರಿಗೆ ಎಣ್ಣೆ ಹಚ್ಚುತ್ತೇವೆ. ಆಸ್ಪತ್ರೆಯ ಹೆರಿಗೆ ಪುಸ್ತಕ, ಶಾಲೆಯ ಮಕ್ಕಳ ಎತ್ತರ ತೂಕಗಳ ಪಟ್ಟಿ, ಪೇಟೆಯ ಧಾನ್ಯದ ದರಪಟ್ಟಿ, ಪಡಿತರದ ವಹಿಗಳನ್ನು ಆಕರಗಳೆಂದು ಎಣಿಸುವುದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಇಂಥವು ಎಲ್ಲಿ ಉಳಿದಿದ್ದರೂ ಗೆದ್ದಲಿನ ಪಾಲಾಗುವ ಮೊದಲು ಅವನ್ನು ಕಾಪಾಡುವುದು ಇತಿಹಾಸ ವಿಭಾಗಗಳ ಕರ್ತವ್ಯ. ಇಂದು ದಾದಿಯೊಬ್ಬಳು ಬರೆದಿಡುವ ಒಂದು ಸಾಲು ಅರವತ್ತು ವರ್ಷಗಳ ಮೇಲೆ ಯಾರದೋ ಕಣ್ಣನ್ನು ಉಳಿಸಬಹುದು. ಈ ವಿಷಯದ ಕಡೆ ವಿದ್ವಾಂಸರೂ, ವಿಶೇಷವಾಗಿ ಆ ತಾಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳೂ ಲಕ್ಷ್ಯಗೊಡುವರೆಂದು ಆಶಿಸುತ್ತೇವೆ.